ಅಶ್ವಿನಣ್ಣನಿಗೆ ಕರಾವಳಿಯ ಆಫ್ ಸ್ಪಿನ್ನರ್‌ಗಳ ಕಡೆಯಿಂದ

ಪ್ರೀತಿಯ ರವಿಚಂದ್ರನ್ ಅಶ್ವಿನ್ ಅವರಿಗೆ,

ಬ್ರಿಸ್ಬೇನ್ ಟೆಸ್ಟ್ ಡ್ರಾ ಆದ ದಿನ, 2024ರ ಡಿಸೆಂಬರ್ 18ರಂದು, ನೀವು ಅಂತಾರಾಷ್ಟ್ರೀಯ ಕ್ರಿಕೆಟ್ಟಿಗೆ ವಿದಾಯ ಹೇಳಿದಿರಿ. 2025ರ ಆಗಸ್ಟಿನಲ್ಲಿ ಐಪಿಎಲ್ ಕೂಡ ಮುಗಿಸಿದಿರಿ. 106 ಟೆಸ್ಟ್, 537 ವಿಕೆಟ್. ಭಾರತದವರಲ್ಲಿ ನಿಮಗಿಂತ ಮುಂದಿರುವುದು ನಮ್ಮ ಪಕ್ಕದ ಕುಂಬಳೆಯ ಹೆಸರು ಹೊತ್ತ ಅನಿಲ್ ಕುಂಬ್ಳೆ ಒಬ್ಬರೇ, 619. ಈ ಲೆಕ್ಕವನ್ನೆಲ್ಲ ಪೇಪರಿನವರು ಬರೆದಾಗಿದೆ. ಮಂಗಳೂರು, ಉಡುಪಿಯ ಮೈದಾನಗಳಲ್ಲಿ ಮಕ್ಕಳಿಗೆ ಸ್ಪಿನ್ ಹೇಳಿಕೊಡುವ ನಾವು ನಿಮಗೆ ಕೃತಜ್ಞರಾಗಿರುವುದು ಬೇರೆಯದಕ್ಕೆ. ಬಲಗೈ ಆಟಗಾರನಿಗೆ ಚೆಂಡನ್ನು ಒಳಕ್ಕೆ ತಿರುಗಿಸುವ ಆಫ್ ಸ್ಪಿನ್ನರಿಗೆ ತಿರುಗದ ಚೆಂಡಿನಲ್ಲೂ ಕೆಲಸ ಉಂಟು ಎಂದು ತೋರಿಸಿಕೊಟ್ಟಿರಿ. ಅದು ಹೇಗೆ ಎನ್ನುವುದನ್ನು ಮುಚ್ಚಿಡದೆ, ನಿಮ್ಮ ಯೂಟ್ಯೂಬ್ ಚಾನೆಲಿನಲ್ಲಿ ಕೂತು ಎಲ್ಲರೆದುರು ಮಾತಾಡಿದಿರಿ.

ನಮ್ಮ ಮಕ್ಕಳಿಗೆ ಅದು ಯಾಕೆ ಬೇಕಿತ್ತು ಎಂದು ಹೇಳುತ್ತೇವೆ. ತೆಂಗಿನ ನಾರಿನ ಮ್ಯಾಟಿಂಗ್ ಮೇಲೆ ಯಾರು ಹಾಕಿದರೂ ಚೆಂಡು ತಿರುಗುತ್ತದೆ, ಮೇಲಕ್ಕೂ ಏಳುತ್ತದೆ. ನಾರು ಚೆಂಡಿನ ಚರ್ಮವನ್ನು ಹಿಡಿದುಕೊಳ್ಳುತ್ತದೆ. ಮ್ಯಾಟನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆಯದಿದ್ದರೆ ಇನ್ನೂ ಹೆಚ್ಚು. ಹೀಗೆ ಬೆಳೆದ ಹುಡುಗ ಟರ್ಫಿಗೆ, ಅಂದರೆ ಹುಲ್ಲು-ಮಣ್ಣಿನ ಪಿಚ್ಚಿಗೆ, ಹೋದ ಕೂಡಲೇ ಚೆಂಡು ನೆಟ್ಟಗೆ ಹೋಗಲಿಕ್ಕೆ ಶುರುವಾಗುತ್ತದೆ. ಗಾಬರಿಯಲ್ಲಿ ಇನ್ನಷ್ಟು ತಿರುಗಿಸಲು ಎಡಭುಜವನ್ನು ಬೇಗ ಬಿಟ್ಟುಬಿಡುತ್ತಾನೆ, ಎದೆ ಮುಂಚೆಯೇ ಬ್ಯಾಟ್ಸ್‌ಮನ್ ಕಡೆ ತೆರೆದುಕೊಳ್ಳುತ್ತದೆ, ಚೆಂಡು ಲೆಗ್ ಸ್ಟಂಪಿನ ಹೊರಗೆ ಶಾರ್ಟ್ ಬೀಳುತ್ತದೆ. ಪುಲ್, ನಾಲ್ಕು ರನ್.

ಅಂಥವರಿಗೆ ನಾವು ತೋರಿಸುವುದು ಸ್ಟೀವ್ ಸ್ಮಿತ್‌ಗೆ ನೀವು ಹಾಕಿದ ಎರಡು ಚೆಂಡು. 2020ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ ಒಂದು ತಿರುಗದೆ ನೇರ ಹೋಯಿತು, ಅಂಚಿಗೆ ತಾಗಿ ಸ್ಲಿಪ್ಪಿನಲ್ಲಿ ರಹಾನೆ ಕೈಗೆ. ಅದೇ ತಿಂಗಳ 26ರಂದು ಮೆಲ್ಬರ್ನಿನಲ್ಲಿ ಇನ್ನೊಂದು ಒಳಕ್ಕೆ ತಿರುಗಿ, ಲೆಗ್ ಸೈಡಿನಲ್ಲಿ ಪೂಜಾರ ಹಿಡಿದರು, ಸ್ಮಿತ್ ಸೊನ್ನೆ. ನೇರ ಹೋಗುವುದೊಂದು ಉಂಟು ಎಂದು ಬ್ಯಾಟ್ಸ್‌ಮನ್‌ಗೆ ಗೊತ್ತಾದ ಮೇಲೆ ತಿರುಗುವ ಚೆಂಡಿನ ಬೆಲೆಯೂ ಏರುತ್ತದೆ. ಮಕ್ಕಳಿಗೆ ಇದು ಬಾಯಿಮಾತಿನಲ್ಲಿ ತಲೆಗೆ ಹೋಗುವುದಿಲ್ಲ, ಎರಡು ವಿಡಿಯೊ ಒಟ್ಟಿಗೆ ನೋಡಿದರೆ ಹೋಗುತ್ತದೆ.

ಎಡಗೈ ಬ್ಯಾಟ್ಸ್‌ಮನ್‌ಗಳ ವಿಷಯದಲ್ಲಿ ನಿಮ್ಮ ಋಣ ಎಲ್ಲಕ್ಕಿಂತ ದೊಡ್ಡದು. ನಿಮ್ಮ ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧದಷ್ಟು ಅವರದೇ. ಬೌಲರನ ತುದಿಯಲ್ಲಿ ನಡುವಿನ ಸ್ಟಂಪಿನಿಂದ ಪಕ್ಕದ ಗೆರೆಗೆ, ಅಂದರೆ ರಿಟರ್ನ್ ಕ್ರೀಸಿಗೆ, 1.32 ಮೀಟರ್ ಜಾಗ ಇರುತ್ತದೆ. ಹೆಚ್ಚಿನ ಹುಡುಗರು ಅದರಲ್ಲಿ ಒಂದೇ ಗೇಣು ಬಳಸುತ್ತಾರೆ, ಪ್ರತಿ ಸಲ ಅಲ್ಲೇ ಹೆಜ್ಜೆ. ನೀವು ರೌಂಡ್ ದಿ ವಿಕೆಟ್, ಅಂದರೆ ಸ್ಟಂಪಿನ ಬಲಬದಿಯಿಂದ, ಬಂದು ಒಮ್ಮೆ ಕ್ರೀಸಿನ ತುದಿಯಿಂದ, ಒಮ್ಮೆ ಸ್ಟಂಪಿಗೆ ಅಂಟಿಕೊಂಡು ಹಾಕಿದಿರಿ. ತುದಿಯಿಂದ ಬಂದ ಚೆಂಡು ಒಳಗೆ ಬರುವ ಕೋನದಲ್ಲಿರುತ್ತದೆ. ತಿರುಗದಿದ್ದರೆ ಎಲ್‌ಬಿಡಬ್ಲ್ಯು, ತಿರುಗಿದರೆ ಹೊರ ಅಂಚು ಅಥವಾ ಆಫ್ ಸ್ಟಂಪ್. 2018ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಅಲಸ್ಟೇರ್ ಕುಕ್ ಎರಡೂ ಇನಿಂಗ್ಸಿನಲ್ಲಿ ಬೌಲ್ಡ್ ಆದದ್ದು ಒಂದೇ ಬಗೆಯ ಚೆಂಡಿಗೆ. ಇಂಗ್ಲೆಂಡಿನ ಪಿಚ್ಚಿನಲ್ಲಿ, ಮೊದಲನೆಯದಂತೂ ಪಂದ್ಯದ ಮೊದಲ ದಿನವೇ! ಈಗ ನಾವು ನೆಟ್ಸಿನಲ್ಲಿ ಕ್ರೀಸಿನ ಮೇಲೆ ಸುಣ್ಣದಿಂದ ಮೂರು ಗುರುತು ಹಾಕುತ್ತೇವೆ, ಒಂದೊಂದರಿಂದ ಆರಾರು ಚೆಂಡು. ಹಿಂಗಾಲು ರಿಟರ್ನ್ ಕ್ರೀಸಿಗೆ ತಾಗಿದರೆ ನೋಬಾಲ್, ಹಾಗಾಗಿ ಹೊರಗಿನ ಗುರುತು ಗೆರೆಗಿಂತ ಒಂದು ಪಾದದಷ್ಟು ಒಳಗಿರಲೇಬೇಕು. ಜಾಗ ಬದಲಾದಾಗ ರನ್‌ಅಪ್ ಕೂಡ ಅಷ್ಟೇ ಪಕ್ಕಕ್ಕೆ ಸರಿಯಬೇಕು. ಇದನ್ನು ಮರೆತ ಹುಡುಗ ಕೊನೆಯ ಎರಡು ಹೆಜ್ಜೆಯಲ್ಲಿ ವಾಲಿ, ಸೊಂಟ ತಿರುಚಿ ಹಾಕುತ್ತಾನೆ. ಚೆಂಡಿನಲ್ಲಿ ಜೀವ ಇರುವುದಿಲ್ಲ, ಬೆನ್ನು ನೋವು ಬೇರೆ.

ಕ್ಯಾರಮ್ ಬಾಲ್ ಬಗ್ಗೆ ಹೇಳದಿದ್ದರೆ ಮಕ್ಕಳು ಬಿಡುವುದಿಲ್ಲ. ಚೆನ್ನೈಯ ಬೀದಿಯ ಟೆನಿಸ್ ಬಾಲಿನಿಂದ ನೀವು ಅದನ್ನು ಟೆಸ್ಟಿನವರೆಗೆ ತಂದಿರಿ. ನಮ್ಮಲ್ಲೂ ಟೆನಿಸ್ ಬಾಲ್ ಟೂರ್ನಮೆಂಟ್ ಇಲ್ಲದ ಊರಿಲ್ಲ, ಆದ್ದರಿಂದ ಇದನ್ನು ಎಲ್ಲರೂ ಹಾಕಿ ನೋಡುವವರೇ. ಮಡಚಿದ ನಡುಬೆರಳು ಮತ್ತು ಹೆಬ್ಬೆರಳ ನಡುವೆ ಚೆಂಡನ್ನು ಒತ್ತಿ, ನಡುಬೆರಳಿನಿಂದ ಚಿಮ್ಮಿಸಬೇಕು. ತೊಂದರೆ ಬರುವುದು ಲೆದರ್ ಬಾಲಿನಲ್ಲಿ. 13 ವರ್ಷದೊಳಗಿನವರ ಚೆಂಡು 133ರಿಂದ 144 ಗ್ರಾಂ, ದೊಡ್ಡವರದು 156ರಿಂದ 163. ಬೆರಳಿಗೆ ಬಲ ಸಾಲದೆ ಮಣಿಕಟ್ಟು ಬಾಗುತ್ತದೆ, ಚೆಂಡು ಫುಲ್‌ಟಾಸ್ ಆಗುತ್ತದೆ. ಆಫ್ ಸ್ಪಿನ್ನರನ ಮಾಮೂಲು ಚೆಂಡಾದ ಆಫ್ ಬ್ರೇಕಿನಲ್ಲಿ ಸೀಮ್ (ಚೆಂಡಿನ ಹೊಲಿಗೆ) ಲೆಗ್ ಸ್ಲಿಪ್ ಕಡೆ ಮುಖಮಾಡಿ ನೆಟ್ಟಗೆ ಸುತ್ತುವವರೆಗೆ ಕ್ಯಾರಮ್ ಬಾಲ್ ಬೇಡ ಎನ್ನುತ್ತೇವೆ. ಸೀಮ್ ಅಲುಗಾಡುತ್ತದೋ ಎಂದು ನೋಡಲು ಎರಡು ಬಣ್ಣದ ಚೆಂಡು ಸಾಕು, ನಿಂತಲ್ಲಿಂದಲೇ ಹತ್ತು ಹೆಜ್ಜೆ ದೂರಕ್ಕೆ ಹಾಕಬೇಕು.

ಗಾಳಿಯನ್ನು ಓದುವುದಕ್ಕೂ ನಿಮ್ಮ ಡ್ರಿಫ್ಟ್, ಅಂದರೆ ಚೆಂಡು ಗಾಳಿಯಲ್ಲೇ ಪಕ್ಕಕ್ಕೆ ತೇಲುವುದನ್ನು, ನೋಡಿಯೇ ಆಸೆ ಹುಟ್ಟಿದ್ದು. ಇಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಉತ್ತರ-ದಕ್ಷಿಣವಾಗಿರುವ ಪಿಚ್ಚಿನಲ್ಲಿ ಉತ್ತರದ ತುದಿಯಿಂದ ಹಾಕಿದರೆ ಗಾಳಿ ಬಲಬದಿಯಿಂದ ತಳ್ಳುತ್ತದೆ, ಬಲಗೈ ಬ್ಯಾಟ್ಸ್‌ಮನ್‌ಗೆ ಚೆಂಡು ಸ್ಲಿಪ್ ಕಡೆ ತೇಲಿ ಆಮೇಲೆ ಒಳಗೆ ತಿರುಗುತ್ತದೆ. ನಾಯಕರು ಈ ತುದಿಯನ್ನು ವೇಗದವರಿಗೇ ಕೊಡುವುದು ನಮಗಂತೂ ಸಂಕಟದ ಸಂಗತಿ.

ರನ್ನರ್ ತುದಿಯಲ್ಲಿ ಬೌಲರ್ ಚೆಂಡು ಬಿಡುವ ಮುಂಚೆಯೇ ಓಡುವವರನ್ನು ಔಟ್ ಮಾಡುವುದು ತಪ್ಪಲ್ಲ ಎಂದು ಬೈಗುಳ ತಿಂದೂ ಗಟ್ಟಿಯಾಗಿ ನಿಂತಿರಿ. 2022ರ ಅಕ್ಟೋಬರ್ 1ರಿಂದ ನಿಯಮದ ಪುಸ್ತಕದಲ್ಲಿ ಅದು ಅನುಚಿತ ಆಟದ ಪಟ್ಟಿಯಿಂದ ಹೊರಬಂದು ರನ್ಔಟ್ ನಿಯಮಕ್ಕೆ ಸೇರಿತು. ನಮ್ಮ ಬೌಲರ್‌ಗಳಿಗೆ ಈಗ ಅದರಲ್ಲಿ ಅಂಜಿಕೆ ಇಲ್ಲ. ನಿಮ್ಮ 6 ಟೆಸ್ಟ್ ಶತಕ, ಸಿಡ್ನಿಯಲ್ಲಿ 128 ಚೆಂಡು ತಡೆದು ನಿಂತ ಅಜೇಯ 39, ಇವಕ್ಕೆ ಬ್ಯಾಟಿಂಗ್ ಕಲಿಸುವವರು ಬೇರೆ ಕಾಗದ ಬರೆಯಲಿ.

ಒಂದು ಕೇಳಿಕೆ ಉಳಿದಿದೆ. ಚೆನ್ನೈಯ ಸೆಕೆಯಲ್ಲಿ ಬೆಳೆದ ನಿಮಗೆ ಬೆವರಿನ ಕೈ ಹೊಸತಲ್ಲ. ಇಲ್ಲಿ ಏಪ್ರಿಲ್, ಮೇಯಲ್ಲಿ ನಾಲ್ಕನೇ ಓವರಿಗೆ ಬೆರಳು ಸೀಮಿನಿಂದ ಜಾರುತ್ತದೆ. ಹುಡುಗರು ಚೆಂಡನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ, ಮಣಿಕಟ್ಟು ಮರಗಟ್ಟುತ್ತದೆ, ತಿರುವು ಸತ್ತುಹೋಗುತ್ತದೆ. ಸೊಂಟಕ್ಕೆ ಬಟ್ಟೆ, ಎಡಗೈಯಲ್ಲಿ ಚೆಂಡು ಹಿಡಿದು ಬಲಗೈ ಒಣಗಿಸುವುದು, ಇಷ್ಟು ಹೇಳಿಕೊಟ್ಟಿದ್ದೇವೆ. ಇದಕ್ಕಿಂತ ಹೆಚ್ಚಿನದು ನಿಮ್ಮಲ್ಲಿ ಖಂಡಿತ ಇರುತ್ತದೆ. ಮಳೆ ಹೋಗಿ ಮೈದಾನ ಒಣಗಿದ ಮೇಲೆ, ನವೆಂಬರಿನ ನಂತರ, ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಬನ್ನಿ. ನಿಮ್ಮನ್ನು ಅಶ್ವಿನಣ್ಣ ಎಂದೇ ಕರೆಯುವ ಮಕ್ಕಳ ಹತ್ತಿರ ಪ್ರಶ್ನೆಗಳು ತುಂಬ ಉಂಟು.