ನೆಪೋಲಿಯನ್ನನ ಸೈನ್ಯ ಕರಗಿದ್ದು ಹಿಮ ಬೀಳುವ ಮೊದಲೇ

ಮಾನ್ಯ ಸಂಪಾದಕರೇ,

ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗಾಗಿ ನೀವು ಕೊಡುವ ಪುಟದಲ್ಲಿ, 1812ರ ದಂಡಯಾತ್ರೆಯಲ್ಲಿ ನೆಪೋಲಿಯನ್ ಸೋತದ್ದು ರಷ್ಯಾದ ಚಳಿಗೆ ಎಂಬ ಒಂದು ಸಾಲಿನ ಉತ್ತರ ಬಂದಿದೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಪುಣೆಗೆ ಬಂದು ಸದಾಶಿವ ಪೇಠೆ, ನಾರಾಯಣ ಪೇಠೆಗಳ ಅಭ್ಯಾಸಿಕೆಗಳಲ್ಲಿ (ಬಾಡಿಗೆಯ ಓದುಕೋಣೆಗಳಲ್ಲಿ) ಕೂತು ಓದುವ ನಮ್ಮ ಹುಡುಗ ಹುಡುಗಿಯರು ಇಂಥ ಪುಟಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಆ ಉತ್ತರ ಯಾಕೆ ಸಾಲದು ಎಂದು ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ಮೊದಲು ತಾರೀಕು ನೋಡೋಣ. ಸೈನ್ಯ ಕೊವ್ನೊ (ಈಗಿನ ಲಿಥುವೇನಿಯಾದ ಕೌನಾಸ್) ಬಳಿ ನೀಮೆನ್ ನದಿ ದಾಟಲು ಶುರು ಮಾಡಿದ್ದು ಜೂನ್ 24ಕ್ಕೆ. ಮಾಸ್ಕೋ ಹೊಕ್ಕಿದ್ದು ಸೆಪ್ಟೆಂಬರ್ 14ಕ್ಕೆ. ದೂರ ಸುಮಾರು 900 ಕಿ.ಮೀ., ಅಂದರೆ ಪುಣೆಯಿಂದ ಬೆಂಗಳೂರಿಗೆ ಇರುವುದಕ್ಕಿಂತ ತುಸು ಹೆಚ್ಚು. ಫ್ರೆಂಚ್ ಎಂಜಿನಿಯರ್ ಶಾರ್ಲ್ ಮಿನಾರ್ 1869ರಲ್ಲಿ ಬಿಡಿಸಿದ ನಕ್ಷೆಯ ಪ್ರಕಾರ ಹೊರಟವರು 4,22,000, ಮಾಸ್ಕೋ ಮುಟ್ಟಿದವರು 1,00,000. ನಡುವೆ ಕಡಿಮೆಯಾದವರೆಲ್ಲ ಸತ್ತವರಲ್ಲ. ಪೊಲೊಟ್‌ಸ್ಕ್ ಕಡೆಗೆ ಕಳಿಸಿದವರು, ದಾರಿಯ ಊರುಗಳಲ್ಲಿ ಕಾವಲಿಗೆ ಬಿಟ್ಟವರು ಬಹಳ ಜನ ಇದ್ದರು. ಅವರನ್ನು ಕಳೆದರೂ ಉಳಿಯುವ ನಷ್ಟ ದೊಡ್ಡದೇ, ಮತ್ತು ಅದಷ್ಟೂ ಆದದ್ದು ಬೇಸಿಗೆಯಲ್ಲಿ.

ಕಾರಣ ಕುದುರೆಯ ಹೊಟ್ಟೆಯಲ್ಲಿದೆ. ಸೈನ್ಯದ ಜೊತೆ ಒಂದೂವರೆ ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು. ದುಡಿಯುವ ಕುದುರೆಗೆ ದಿನಕ್ಕೆ ಕಾಳು, ಒಣಹುಲ್ಲು ಸೇರಿ ಹತ್ತು ಕೆ.ಜಿ. ಹಿಡಿದರೂ ಒಟ್ಟು 15 ಲಕ್ಷ ಕೆ.ಜಿ. ಆಯಿತು. ನಾಲ್ಕು ಕುದುರೆಗಳ ಭಾರೀ ಬಂಡಿ ಒಳ್ಳೆಯ ರಸ್ತೆಯಲ್ಲಿ ಹೊರುವುದು ಸುಮಾರು 1,500 ಕೆ.ಜಿ. ಹೀಗೆ ಮೇವಿಗೇ ದಿನಕ್ಕೆ ಸಾವಿರ ಬಂಡಿ ಬೇಕು. ಹತ್ತು ದಿನದ ಮೇವು ಹೊರಬೇಕೆಂದರೆ ಹತ್ತು ಸಾವಿರ ಬಂಡಿ, ಅವುಗಳನ್ನು ಎಳೆಯಲು ಮತ್ತೆ 40,000 ಕುದುರೆ, ಅವಕ್ಕೂ ಮೇವು! ಈ ಲೆಕ್ಕ ಎಲ್ಲಿಯೂ ಮುಗಿಯುವುದಿಲ್ಲ. ಅದಕ್ಕೇ ದಂಡಯಾತ್ರೆಯನ್ನು ಹುಲ್ಲು ಬೆಳೆಯುವ ಜೂನ್‌ವರೆಗೆ ತಡೆದು, ಮೇವನ್ನು ದಾರಿಯಲ್ಲೇ ಕೊಯ್ದುಕೊಳ್ಳುವುದೆಂದು ಹೊರಟರು. ಜೂನ್ ಕೊನೆಯಲ್ಲಿ ಜೋರು ಮಳೆ ಹಿಡಿಯಿತು, ಮಣ್ಣಿನ ದಾರಿ ಕೆಸರಾಯಿತು. ದಣಿದ ಕುದುರೆಗಳಿಗೆ ಸಿಕ್ಕಿದ್ದು ಇನ್ನೂ ಬಲಿಯದ ಹಸಿ ರೈ ಪೈರು. ಹೊಟ್ಟೆಶೂಲೆ ಬಂದು ಕೆಲವೇ ದಿನಗಳಲ್ಲಿ ಸುಮಾರು 10,000 ಕುದುರೆಗಳು ಬಿದ್ದವು. ಬಂಡಿ ಹಿಂದೆ ಉಳಿದರೆ ಹಿಟ್ಟೂ ಹಿಂದೆಯೇ ಉಳಿಯುತ್ತದೆ. ಹಸಿದ ಸಿಪಾಯಿಗಳು ಊಟ ಹುಡುಕಿಕೊಂಡು ಸಾಲು ಬಿಟ್ಟು ಚದುರಿದರು, ಕೆಟ್ಟ ನೀರು ಕುಡಿದವರಿಗೆ ಆಮಶಂಕೆ ಹತ್ತಿತು, ಹೇನಿನಿಂದ ಜ್ವರ ಹರಡಿತು. 2001ರಲ್ಲಿ ವಿಲ್ನಿಯಸ್‌ನಲ್ಲಿ ಸಿಕ್ಕ ಸಾಮೂಹಿಕ ಸಮಾಧಿಯ ಅವಶೇಷಗಳಲ್ಲಿ ಹೇನಿನಿಂದ ಹರಡುವ ರೋಗಾಣುಗಳ ಕುರುಹು ಪತ್ತೆಯಾಗಿದೆ.

ಬೊರೊಡಿನೊದಲ್ಲಿ (ಸೆಪ್ಟೆಂಬರ್ 7) ಒಂದೇ ದಿನ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು 70,000 ಮೀರುತ್ತಾರೆ. ಆದರೂ ಇಡೀ ದಂಡಯಾತ್ರೆಯ ಗತಿ ತಿರುಗಿದ ಜಾಗ ಯಾವುದೆಂದು ಕೇಳಿದರೆ ನಾನು ಹೇಳುವುದು ಮಾಲೊಯರೊಸ್ಲಾವೆಟ್ಸ್, ಅಕ್ಟೋಬರ್ 24. ಅಕ್ಟೋಬರ್ 19ಕ್ಕೆ ಮಾಸ್ಕೋ ಬಿಟ್ಟ ನೆಪೋಲಿಯನ್ ಹೊರಟದ್ದು ದಕ್ಷಿಣಕ್ಕೆ, ಕಾಳುಕಡ್ಡಿ ಇನ್ನೂ ಉಳಿದಿದ್ದ ಕಲೂಗಾ ಕಡೆಗೆ. ಊರು ಹಲವು ಸಲ ಕೈ ಬದಲಾಯಿಸಿ ಕೊನೆಗೆ ಫ್ರೆಂಚರ ಪಾಲಾಯಿತು. ಆದರೆ ರಷ್ಯಾದ ಸೇನಾಪತಿ ಕುಟುಜೋವ್ ಮುಂದಿನ ದಾರಿಗೆ ಅಡ್ಡ ನಿಂತ. ನೆಪೋಲಿಯನ್ ಸ್ಮೋಲೆನ್ಸ್ಕ್ ರಸ್ತೆಗೆ ಹೊರಳಿದ. ಬರುವಾಗ ತಾವೇ ತಿಂದು, ಸುಟ್ಟು ಖಾಲಿ ಮಾಡಿದ್ದ ದಾರಿ ಅದು. ಆ ಹೊತ್ತಿಗೆ ಅಲ್ಲಿ ಬೀಳುತ್ತಿದ್ದುದು ಮಳೆ. ಹಿಮ ಬಂದದ್ದು ನವೆಂಬರ್ ಮೊದಲ ವಾರದಲ್ಲಿ. ಬಂದಾಗ ಕುದುರೆಗಳ ಲಾಳಕ್ಕೆ ಮಂಜುಗಡ್ಡೆಯನ್ನು ಕಚ್ಚುವ ಮೊನೆಮೊಳೆ ಇರಲಿಲ್ಲ. ಏರಿನಲ್ಲಿ ಜಾರಿ ಬಿದ್ದ ಕುದುರೆ ಮತ್ತೆ ಏಳಲಿಲ್ಲ, ತೋಪುಗಳು ಅಲ್ಲಲ್ಲೇ ಉಳಿದವು. ಮೊದಲೇ ಲಾಳ ಬದಲಿಸಿದ್ದರೆ ಈ ನಷ್ಟ ಬಹಳಷ್ಟು ತಪ್ಪುತ್ತಿತ್ತು.

ಇನ್ನು ಹಿಂದಿರುಗುವ ದಾರಿಯಲ್ಲಿ ದಾಟಬೇಕಿದ್ದ ಬೆರೆಜಿನಾ ನದಿ. ಚಳಿಯೇ ಎಲ್ಲಕ್ಕೂ ಕಾರಣ ಎನ್ನುವವರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನವೆಂಬರ್ ಕೊನೆಯಲ್ಲಿ ಚಳಿ ಸಡಿಲಿ, ನಡೆದು ದಾಟಬಹುದಾಗಿದ್ದ ಮಂಜುಗಡ್ಡೆ ಒಡೆದು ತೇಲತೊಡಗಿತ್ತು. ಬೊರಿಸೊವ್‌ನ ಸೇತುವೆಯನ್ನು ರಷ್ಯನ್ನರು ಸುಟ್ಟಿದ್ದರು. ದೋಣಿಸೇತುವೆಯ ಸರಂಜಾಮನ್ನು ಕೆಲವೇ ದಿನಗಳ ಹಿಂದೆ ಓರ್ಷಾದಲ್ಲಿ ನೆಪೋಲಿಯನ್ನನೇ ಸುಡಿಸಿದ್ದ. ಸೇತುವೆ ಕಟ್ಟುವ ದಳದ ಮುಖ್ಯಸ್ಥ ಜನರಲ್ ಎಬ್ಲೆ ಮಾತ್ರ ಆರು ಬಂಡಿ ಹತಾರ, ಮೊಳೆ, ಕಬ್ಬಿಣದ ಕೊಂಡಿ, ಜೊತೆಗೆ ಎರಡು ಸಂಚಾರಿ ಕುಲುಮೆಗಳನ್ನು ಉಳಿಸಿಕೊಂಡಿದ್ದ. ಸ್ಟುಡ್ಯಂಕಾ ಹಳ್ಳಿಯ ಮನೆಗಳನ್ನು ಕಿತ್ತು, ಆ ತೊಲೆಗಳಿಗೇ ಕಾಲು ಜೋಡಿಸಿ, ಅವನ ಆಳುಗಳು ಎದೆಮಟ್ಟದ ನೀರಿನಲ್ಲಿ ನಿಂತು ನವೆಂಬರ್ 26ಕ್ಕೆ ಎರಡು ಸೇತುವೆ ಹಾಕಿದರು: ಒಂದು ಕಾಲಾಳುಗಳಿಗೆ, ಇನ್ನೊಂದು ತೋಪು, ಬಂಡಿಗಳಿಗೆ. ಎರಡನೆಯದರ ಕಾಲುಗಳು ತಳದ ಕೆಸರಿನಲ್ಲಿ ಏರುಪೇರಾಗಿ ಹೂತವು. ಮೇಲೆ ಬಂಡಿಗಳು ದಡದಡ ಓಡಿದಾಗ ತೊಲೆಗಳು ಅದುರಿ ಅದು ಮೂರು ಸಲ ಮುರಿಯಿತು. 27ರ ರಾತ್ರಿ ಸೇತುವೆ ಬಿಡುವಾಗಿದ್ದಾಗ ಹಿಂದುಳಿದ ಸಾವಿರಾರು ಜನ ಚಳಿ ಕಾಯಿಸುತ್ತಿದ್ದ ಬೆಂಕಿಯ ಬಳಿಯಿಂದ ಏಳಲಿಲ್ಲ. ಮರುದಿನ ರಷ್ಯನ್ನರ ಗುಂಡು ಬೀಳತೊಡಗಿದಾಗ ಎಲ್ಲರೂ ಒಟ್ಟಿಗೆ ನುಗ್ಗಿದರು. 29ರ ಬೆಳಿಗ್ಗೆ ಎಬ್ಲೆ ಸೇತುವೆಗಳನ್ನು ಸುಟ್ಟ. ನೀರಿಗಿಳಿದ ಆಳುಗಳಲ್ಲಿ ಬದುಕುಳಿದವರು ಕೆಲವರೇ. ಎಬ್ಲೆಯೂ ಡಿಸೆಂಬರ್ ಕೊನೆಗೆ ತೀರಿಕೊಂಡ.

ಡಿಸೆಂಬರ್‌ನ ಚಳಿ ಮಾತ್ರ ನಿಜಕ್ಕೂ ಘೋರವೇ, ಅದನ್ನು ಅಲ್ಲಗಳೆಯುತ್ತಿಲ್ಲ. ಮಿನಾರ್ ನಕ್ಷೆಯಲ್ಲಿ ಡಿಸೆಂಬರ್ 6ಕ್ಕೆ ಮೈನಸ್ 30 ಎಂದಿದೆ. ಅದು ರೆಯೋಮ್ಯೂರ್ (Réaumur) ಮಾಪನ. ಸೆಲ್ಸಿಯಸ್‌ಗೆ ತರಲು 1.25ರಿಂದ ಗುಣಿಸಬೇಕು, ಆಗ ಮೈನಸ್ 37.5 ಆಗುತ್ತದೆ. ಹಲವರು ಇದನ್ನು ನೋಡದೆ 30 ಎಂದೇ ಬರೆಯುತ್ತಾರೆ. ಆದರೆ ಆ ಚಳಿಗೆ ಸಿಕ್ಕಿದ್ದು ಸೈನ್ಯದ ಅಳಿದುಳಿದ ಭಾಗ ಮಾತ್ರ.

ಪುಣೆಯಲ್ಲಿ ಯಾವ ಕೆಲಸ ಹಾಳಾದರೂ ‘ಪಾನಿಪತ್ ಝಾಲಂ’ ಎನ್ನುತ್ತಾರೆ. 1761ರ ಜನವರಿ 14ರ ಆ ಯುದ್ಧದ ಬಗ್ಗೆ ಮಾತು ಬಂದರೆ, ಮರಾಠರಿಗೆ ಧಾನ್ಯ ಒದಗಿಸುತ್ತಿದ್ದ ಗೋವಿಂದಪಂತ ಬುಂದೇಲೆ ಡಿಸೆಂಬರ್‌ನಲ್ಲಿ ಹತನಾದದ್ದು, ಅವರ ಸೇನಾಪತಿ ಸದಾಶಿವರಾವ್ ಭಾವೂ ಪಾಳೆಯದಲ್ಲಿ ಉಪವಾಸ ಬಿದ್ದದ್ದು ಇಲ್ಲಿ ತಾನಾಗಿ ನೆನಪಾಗುತ್ತದೆ. 1812ಕ್ಕೂ ಅದೇ ಪ್ರಶ್ನೆ ಹಾಕಬೇಕು: ಕಾಳು ಎಲ್ಲಿಂದ ಬರುತ್ತಿತ್ತು, ಎಂದು ನಿಂತಿತು?

ಆ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ, ನೀಮೆನ್‌ನಿಂದ ಮಾಸ್ಕೋವರೆಗಿನ ನಕ್ಷೆಯನ್ನು ತಾರೀಕು, ಸೈನ್ಯದ ಸಂಖ್ಯೆ ಸಮೇತ ಕೊಡಬೇಕೆಂದು ಕೋರುತ್ತೇನೆ. ರಷ್ಯಾದ ಹಳೆಯ ಪಂಚಾಂಗ ಆಗ 12 ದಿನ ಹಿಂದಿತ್ತು. ಬೊರೊಡಿನೊ ಕೆಲವು ಪುಸ್ತಕಗಳಲ್ಲಿ ಆಗಸ್ಟ್ 26, ಕೆಲವಲ್ಲಿ ಸೆಪ್ಟೆಂಬರ್ 7 ಎಂದಿರುವುದು ಅದಕ್ಕೇ. ಎರಡೂ ಸರಿ ಎಂದು ಪಕ್ಕದಲ್ಲೇ ಒಂದು ಸಾಲು ಸೇರಿಸಿದರೆ ವಿದ್ಯಾರ್ಥಿಗಳ ಗೊಂದಲ ತಪ್ಪುತ್ತದೆ.

— ಇತಿಹಾಸದ ಅಧ್ಯಾಪಕ, ಪುಣೆ