ಚರಂಡಿ ಕಟ್ಟಿಕೊಂಡರೆ ದರ ಹೇಳುವವರು ಯಾರು?

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತೆಂದರೆ ಹನುಮಂತನಗರದ ನಮ್ಮ ಹಳೆಯ ಬೀದಿಯಲ್ಲಿ ಯಾವುದಾದರೂ ಒಂದು ಮನೆಯ ಬಚ್ಚಲು ಕಟ್ಟಿಕೊಳ್ಳುತ್ತದೆ. ಅದು ಹೊಸದೇನಲ್ಲ. ಆದರೆ ಅದನ್ನು ಬಿಡಿಸಲು ಕೇಳುವ ಹಣಕ್ಕೆ ಈಗ ಲೆಕ್ಕವೂ ಇಲ್ಲ, ಲಗಾಮೂ ಇಲ್ಲ.

ಕಳೆದ ತಿಂಗಳು ನಮ್ಮ ಬಚ್ಚಲಿನಲ್ಲಿ ಕೊಳಚೆ ಮೇಲೆ ಬಂತು. ಮೊಬೈಲಿನ ಜಾಹೀರಾತಿನಲ್ಲಿದ್ದ ಸಂಖ್ಯೆಗೆ ಕರೆ ಮಾಡಿದೆ. ‘499 ರೂಪಾಯಿ ಮಾತ್ರ’ ಎಂದರು. ಬಂದ ಯುವಕರು ಸ್ಪ್ರಿಂಗ್ ಮಷಿನ್ (ಉದ್ದದ ಸುರುಳಿ ತಂತಿಯನ್ನು ತಿರುಗಿಸಿ ಕಸ ಬಿಡಿಸುವ ಯಂತ್ರ) ಪೈಪಿನೊಳಗೆ ಬಿಟ್ಟ ಮೇಲೆ, ಆ 499 ಬಂದು ನೋಡುವುದಕ್ಕೆ, ಮಷಿನ್ನಿಗೆ ಅಡಿ ಲೆಕ್ಕ ಎಂದು ಹೇಳಿದರು. ನೆಲದೊಳಗಿನ ಪೈಪಿನಲ್ಲಿ ಎಷ್ಟು ಅಡಿ ಹೋಯಿತೆಂದು ನಾನು ಹೇಗೆ ಅಳೆಯಲಿ? ಬಿಲ್ 6,800 ರೂಪಾಯಿ ಆಯಿತು. ಮನೆಯಲ್ಲಿ ರವಿಕೆ ಹೊಲಿದು ಬದುಕುವ ನನಗೆ, ಹಬ್ಬ ಮದುವೆಗಳಿಲ್ಲದ ತಿಂಗಳಲ್ಲಿ ಅದು ದುಡಿಮೆಯ ಬಹುಪಾಲು. ಮರುದಿನ ಬೆಳಿಗ್ಗೆ ನೀರು ಮತ್ತೆ ಉಕ್ಕಿತು. ಕೇಳಿದರೆ, ‘ಇದು ಬೇರೆ ಬ್ಲಾಕ್, ಚಾರ್ಜ್ ಬೇರೆ’ ಎಂದರು.

ಆಮೇಲೆ ಬಂದವರು ನಮ್ಮ ಬೀದಿಯ ಹಿರಿಯ ಪ್ಲಂಬರ್. ಅವರು ಯಾವ ಯಂತ್ರವನ್ನೂ ಹೊರತೆಗೆಯದೆ ಮೊದಲು ಗೇಟಿನ ಬಳಿಯ ಕೊನೆಯ ಚೇಂಬರಿನ, ಅಂದರೆ ಮನೆಯ ಕೊಳಚೆ ಬೀದಿಯ ಕೊಳವೆಗೆ ಸೇರುವ ಮುನ್ನ ಹಾದುಹೋಗುವ ಗುಂಡಿಯ, ಮುಚ್ಚಳ ಎತ್ತಿದರು. ಬಚ್ಚಲಿನಲ್ಲಿ ನೀರು ನಿಂತು, ಈ ಚೇಂಬರ್ ಖಾಲಿಯಿದ್ದರೆ ಅಡ್ಡಿ ಮನೆಯ ಪೈಪಿನಲ್ಲಿದೆ. ಚೇಂಬರೂ ತುಂಬಿ, ರಸ್ತೆಯ ಮ್ಯಾನ್‌ಹೋಲೂ ತುಂಬಿದ್ದರೆ ಅಡ್ಡಿ ಬೀದಿಯ ಕೊಳವೆಯಲ್ಲಿದೆ. ಎರಡೂ ತುಂಬಿದ್ದವು! ಜಲಮಂಡಳಿಯ ಸಹಾಯವಾಣಿ 1916ಕ್ಕೆ ದೂರು ಕೊಟ್ಟೆವು. ರಭಸದ ನೀರು ಹಾಯಿಸುವ ಜೆಟ್ಟಿಂಗ್ ವಾಹನ ಬಂದು ಬೀದಿಯ ಕೊಳವೆಯನ್ನು ಬಿಡಿಸಿತು, ನಮ್ಮ ಬಚ್ಚಲೂ ತಾನಾಗಿ ಇಳಿಯಿತು. ಅದಕ್ಕೆ ಯಾರೂ ಹಣ ಕೇಳಲಿಲ್ಲ, ಕೇಳಬೇಕಾದ್ದೂ ಇಲ್ಲ. ನೀರಿನ ಬಿಲ್ಲಿನ ಜೊತೆಗೆ ಒಳಚರಂಡಿ ಶುಲ್ಕವನ್ನು ಕಟ್ಟುತ್ತಲೇ ಇದ್ದೇವೆ. ನಮ್ಮ ಪೈಪಿನಲ್ಲಿ ಇಲ್ಲದ ಅಡ್ಡಿಗೆ ನನ್ನಿಂದ 6,800 ರೂಪಾಯಿ ಪಡೆದಿದ್ದರು. ಮುಚ್ಚಳ ಎತ್ತಿ ನೋಡುವಷ್ಟು ಕೆಲಸವನ್ನೂ ಮಾಡದವರಿಗೆ ಅಡಿ ಲೆಕ್ಕದ ಕೂಲಿ ಏಕೆ?

ಪ್ಲಂಬರುಗಳ ಕೂಲಿ ಹೆಚ್ಚಾಯಿತೆಂಬ ದೂರು ನನ್ನದಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇರುವುದು ಮಣ್ಣಿನ ಕೊಳವೆ. ಅದರ ಸಂದುಗಳಲ್ಲಿ ಮರದ ಬೇರು ನುಗ್ಗಿ, ಅದಕ್ಕೆ ಕೂದಲು, ಅಡುಗೆಮನೆಯ ಜಿಡ್ಡು ಸುತ್ತಿಕೊಂಡರೆ ನೆಲ ಅಗೆಯದೆ ದಾರಿಯಿಲ್ಲ. ಇನ್ನೊಬ್ಬರ ಮನೆಯ ಹೊಲಸಿನ ಮುಂದೆ ಮಂಡಿಯೂರಿ ಅರ್ಧ ದಿನ ದುಡಿಯುವವರಿಗೆ ಎರಡು ಮೂರು ಸಾವಿರ ಕೊಡುವುದು ನ್ಯಾಯವೇ. ಆದರೆ ಆಟೊ ಹತ್ತುವವರಿಗೆ ಮೀಟರ್ ಇರುವಂತೆ, ಯಂತ್ರ ಇಳಿಯುವ ಮೊದಲೇ ನಮಗೂ ದರ ತಿಳಿದಿರಬೇಕು. ಬಂದು ನೋಡಲು ಎಷ್ಟು, ಬಿದಿರು ದಬ್ಬೆ ಹಾಕಲು ಎಷ್ಟು, ಸ್ಪ್ರಿಂಗ್ ಮಷಿನ್ನಿಗೆ ಎಷ್ಟು, ಮತ್ತೆ ಕಟ್ಟಿಕೊಂಡರೆ ಯಾರ ಹೊಣೆ ಎಂಬ ಫಲಕ ಪ್ರತಿ ವಾರ್ಡ್ ಕಚೇರಿಯ ಮುಂದೆ ಇರಲಿ. ಚೇಂಬರ್ ನೋಡುವ ಕ್ರಮವನ್ನೂ 1916 ಸಂಖ್ಯೆಯನ್ನೂ ಜಲಮಂಡಳಿ ತನ್ನ ಬಿಲ್ಲಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲಿ.

ತಾರಸಿಯ ಮಳೆನೀರನ್ನು ಒಳಚರಂಡಿಗೆ ಸೇರಿಸಿರುವ ಮನೆಯವರಿಗೂ ಒಂದು ಮಾತು. ಆ ಕೊಳವೆಗಳು ಮಳೆಯ ಹೊರೆಗೆ ಹಾಕಿದವಲ್ಲ. ಮೇಲಿನ ಮನೆಯ ನೀರು ತಗ್ಗಿನ ಮನೆಯ ಬಚ್ಚಲಿನಲ್ಲಿ ಉಕ್ಕುತ್ತದೆ, ಪ್ಲಂಬರಿಗೆ ಹಣ ಕೊಡುವವರು ತಗ್ಗಿನವರು. ಇಂಥ ಜೋಡಣೆಗಳನ್ನು ಜಲಮಂಡಳಿ ಮನೆಮನೆಗೆ ಹೋಗಿ ಕೀಳಿಸಲೇಬೇಕು.

ಅಂದು ಬಂದ ಯುವಕರು, ಇನ್ನೂ 1,500 ಕೊಟ್ಟರೆ ಮ್ಯಾನ್‌ಹೋಲಿಗೆ ಒಬ್ಬನನ್ನು ಇಳಿಸುತ್ತೇವೆ ಎಂದೂ ಹೇಳಿದ್ದರು. ನಾನು ಒಪ್ಪಲಿಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಲಕರಣೆಯಿಲ್ಲದೆ ಯಾರನ್ನೇ ಒಳಚರಂಡಿಗೆ ಇಳಿಸಿದರೂ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹಾಗಿದ್ದೂ ಒಂದು ಜೀವಕ್ಕೆ 1,500 ರೂಪಾಯಿ ಬೆಲೆ ಕಟ್ಟಿ, ನಮ್ಮ ಗೇಟಿನ ಮುಂದೆ ನಿಂತು ಕೇಳುವ ಧೈರ್ಯ ಅವರಿಗೆ ಬಂದಿದೆ. ದರ ಫಲಕದ ಮೊದಲ ಸಾಲಿನಲ್ಲೇ ರಕ್ಷಣಾ ಸಲಕರಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು ಅಪರಾಧ ಎಂದು ಬರೆಯಲಿ, ಹಾಗೆ ಕೇಳುವವರ ಮೇಲೆ ದೂರು ಕೊಡಬೇಕಾದ ಸಂಖ್ಯೆಯೂ ಅದರ ಪಕ್ಕದಲ್ಲೇ ಇರಲಿ.

– ಹೊಲಿಗೆ ಕೆಲಸದ ಗೃಹಿಣಿ, ಹನುಮಂತನಗರ, ಬೆಂಗಳೂರು