ಙ, ಞ ಪಾಪ ಏನ್ ಮಾಡಿದ್ವು?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ಇದೇ ಓದುಗರ ಕಾಲಮ್ಮಲ್ಲಿ ಒಬ್ರು ಬರೆದಿದ್ರು, ಙ ಞ ಎರಡೂ ದಂಡ, ಇವುಗಳಿಂದ ಶುರುವಾಗೋ ಒಂದು ಪದಾನೂ ಕನ್ನಡದಲ್ಲಿಲ್ಲ, ಮಕ್ಕಳ ತಲೆಗೆ ಸುಮ್ನೆ ಭಾರ, ವರ್ಣಮಾಲೆಯಿಂದ ಎತ್ತಿಬಿಡಿ ಅಂತ. ಶುರುವಾಗಲ್ಲ ಅನ್ನೋದು ನಿಜಾನೇ. ಆದ್ರೆ ಅದೇ ಲೆಕ್ಕ ಹಿಡಿದ್ರೆ ಣ ದಿಂದ ಶುರುವಾಗೋ ಕನ್ನಡ ಪದ ಎಲ್ಲಿದೆ ತೋರಿಸಿ ನೋಡೋಣ, ಅದನ್ನೂ ಎತ್ತಿಬಿಟ್ರೆ ಊಟಕ್ಕೆ ಮಣೆ ಮೇಲೆ ಕೂರೋರೆಲ್ಲ ಮನೆ ಮೇಲೆ ಹತ್ತಿ ಕೂರ್ಬೇಕಾಗುತ್ತೆ.

ನಾನು ಮೂವತ್ತು ವರ್ಷ ಒಂದನೇ ಕ್ಲಾಸಿಗೆ ಅಕ್ಷರ ಕಲಿಸಿದೋನು. ತಪ್ಪು ನನ್ನದೂ ಇದೆ ಬಿಡಿ. ಗೋಡೆ ಮೇಲಿನ ಚಾರ್ಟಲ್ಲಿ ಕ ಗೆ ಕಮಲ, ಖ ಗೆ ಖಡ್ಗ, ಗ ಗೆ ಗಡಿಯಾರ, ಘ ಗೆ ಘಂಟೆ ಅಂತ ಬಂದು ಙ ಹತ್ರ ಬಂದಾಗ ಬಾಕ್ಸು ಖಾಲಿ. ಮಕ್ಕಳು ಕೇಳಿದ್ರೆ "ಅದು ಹಾಗೇ, ಬಾಯಿಪಾಠ ಮಾಡ್ಕೊಳ್ರೋ" ಅಂತ ಮುಂದಕ್ಕೆ ಹೋಗ್ತಿದ್ದೆ. ರಿಟೈರ್ ಆದ್ಮೇಲೆ ಸಿಯಾಟಲ್‌ನಲ್ಲಿರೋ ಮೊಮ್ಮಗಳು ವಿಡಿಯೋ ಕಾಲಲ್ಲಿ ಅದೇ ಪ್ರಶ್ನೆ ಕೇಳಿದ್ಳು, "ತಾತ, ಇದಕ್ಕೆ ಯಾಕೆ ಪಿಕ್ಚರ್ ಇಲ್ಲ?" ಅವಳಿಗೆ ಬಾಯಿಪಾಠ ಅಂದ್ರೆ ನಡೆಯುತ್ತಾ, ನಡೆಯಲ್ಲ.

ಸರಿ, ಮೂಗು ಹಿಡ್ಕೋ ಅಂದೆ. ಎರಡು ಹೊಳ್ಳೆನೂ ಗಟ್ಟಿಯಾಗಿ ಮುಚ್ಚಿ "ಕಪ್ಪೆ" ಅನ್ನು, ಆರಾಮಾಗಿ ಬರುತ್ತೆ. ಈಗ ತುಟಿ ಮುಚ್ಚಿ "ಮ್‌‌‌ಮ್‌‌‌ಮ್" ಅಂತ ಎಳಿ. ಬರಲ್ಲ, ಕಿವಿ ಕಟ್ಟಿದಂಗಾಗಿ ನಿಂತ್ಹೋಗುತ್ತೆ, ಯಾಕಂದ್ರೆ ಗಾಳಿಗೆ ಬಾಯಲ್ಲೂ ದಾರಿ ಇಲ್ಲ, ಮೂಗಲ್ಲೂ ಇಲ್ಲ. ಅಂಗುಳದ ಹಿಂದೆ ಕಿರುನಾಲಿಗೆ ನೇತಾಡೋ ಕಡೆ ಒಂದು ಮೆತ್ತನೆ ಭಾಗ ಇದ್ಯಲ್ಲ, ಅದು ಮೇಲಕ್ಕೆ ಎದ್ರೆ ಮೂಗಿನ ದಾರಿ ಬಂದ್, ಕೆಳಗಿಳಿದ್ರೆ ಓಪನ್. ಬ ಗೂ ಮ ಗೂ ತುಟಿ ಮಾಡೋ ಕೆಲಸ ಒಂದೇ, ವ್ಯತ್ಯಾಸ ಇರೋದು ಆ ಬಾಗಿಲಲ್ಲಿ. ಅದಕ್ಕೇ ಜೋರು ನೆಗಡಿಯಾದಾಗ ಅಮ್ಮ ಹೋಗಿ "ಅಬ್ಬ" ಆಗೋದು. ಬಾಯಿ ಮೂಗು ಎರಡರಿಂದ್ಲೂ ಹೊರಡೋದು ಅನುನಾಸಿಕ ಅಂತ ಪಾಣಿನಿ ಒಂದೇ ಸಾಲಿನ ಸೂತ್ರದಲ್ಲಿ ಮುಗಿಸಿದಾನೆ, ನನಗೆ ಇಷ್ಟುದ್ದ ಬೇಕಾಯ್ತು.

ಈಗ ಙ ವಿಚಾರಕ್ಕೆ ಬರ್ತೀನಿ. "ಮುನ್" ಅನ್ನೋ ಒಂದೇ ಪದ ತಗೊಳ್ಳಿ, ಮುನ್ನುಡಿಯಲ್ಲಿ ಇರೋ ಮುನ್. ಅದರ ಪಕ್ಕ ಬಾಗಿಲು ಬಂದ್ರೆ ಮುಂಬಾಗಿಲು, ತುಟಿ ಮುಚ್ಕೊಂಡು ಮ್ ಆಯ್ತು. ಜಾವ ಬಂದ್ರೆ ಮುಂಜಾವು, ನಾಲಿಗೆಯ ನಡುಭಾಗ ಅಂಗುಳಕ್ಕೆ ಅಂಟ್ಕೊಳ್ತು, ಅದೇ ರೀ ಞ. ಕಾರು, ಅಂದ್ರೆ ಮಳೆಗಾಲ, ಬಂದ್ರೆ ಮುಂಗಾರು, ಆಗ ನಾಲಿಗೆ ತುದಿ ಸುಮ್ನೆ ಮಲಗಿರುತ್ತೆ, ಹಿಂಭಾಗ ಎದ್ದು ಗಂಟಲ ಹತ್ರ ದಾರಿ ಮುಚ್ಚುತ್ತೆ, ಅದೇ ಙ. ಕನ್ನಡಿ ಮುಂದೆ ನಿಂತು ನಿಧಾನಕ್ಕೆ ಹೇಳ್ನೋಡಿ, ಬೇಕಾದ್ರೆ ಅರ್ಧದಲ್ಲೇ ನಿಲ್ಲಿಸಿ ನಾಲಿಗೆ ಎಲ್ಲಿದೆ ಅಂತ ನೋಡ್ಕೊಳ್ಳಿ. ಬರೆಯೋವಾಗ ಎಲ್ಲಕ್ಕೂ ಒಂದೇ ಸೊನ್ನೆ ಇಡ್ತೀವಿ, ಹಾಗಾಗಿ ಕಣ್ಣಿಗೆ ಬೀಳಲ್ಲ ಅಷ್ಟೆ. ಅಂಗಡಿ, ತಂಗಿ, ತಿಂಗಳು, ಬೆಂಗಳೂರು ಅನ್ನೋರೆಲ್ಲ ದಿನಾ ಙ ಹೇಳ್ತಾನೇ ಇದಾರೆ, ಆ ಪತ್ರ ಬರೆದೋರೂ ಸೇರಿ.

ಪಕ್ಕದ ಕೇರಳಕ್ಕೆ ಹೋಗಿ, ಅಲ್ಲಿ ಙ ಸೊನ್ನೆ ಹಿಂದೆ ಅಡಗಿಲ್ಲ. ನಾವು ತೆಂಗು ಅಂತ ಕೊನೇಲಿ ಗ ಹೇಳಿ ನಿಲ್ಲಿಸ್ತೀವಿ, ಅವರು ತೆಂಗಿನಕಾಯಿಗೆ "ತೇಙ್ಙ" ಅಂತ ಗ ನೇ ಇಲ್ದೆ ಪೂರ್ತಿ ಮೂಗಲ್ಲೇ ಮುಗಿಸ್ತಾರೆ. "ನಾನು" ಅನ್ನೋದಕ್ಕೆ ಅವರ ಪದಾನೇ ಞ ದಿಂದ ಶುರು, "ಞಾನ್". ಹಲ್ಲಿಗೆ ತಾಗೋ ನ ಬೇರೆ, ಅದಕ್ಕಿಂತ ಸ್ವಲ್ಪ ಹಿಂದೆ ವಸಡಿಗೆ ತಾಗೋ ನ ಬೇರೆ, ಹಂಗೆ ಎಣಿಸಿದ್ರೆ ಆರು ಅನುನಾಸಿಕ, ಆದ್ರೆ ಆ ಎರಡು ನ ಗೂ ಅಕ್ಷರ ಒಂದೇ ಇಟ್ಕೊಂಡಿದಾರೆ. ವಿಯೆಟ್ನಾಂನಲ್ಲಿ ಅತಿ ಹೆಚ್ಚು ಜನಕ್ಕಿರೋ ಮನೆತನದ ಹೆಸರು (Nguyen ಅಂತ ಬರೀತಾರೆ) ಶುರುವಾಗೋದೇ ಙ ದಿಂದ. ನನ್ನ ಮಗನ ಆಫೀಸಲ್ಲಿ ಆ ಹೆಸರಿನೋರು ಒಬ್ರಿದಾರಂತೆ, ಇಂಗ್ಲಿಷಿನೋರಿಗೆ ಸಿಂಗ್ ಕಿಂಗ್ ಅಂತ ಕೊನೇಲಿ ಙ ಬರುತ್ತೆ, ಮೊದಲಲ್ಲಿ ಬಂದ್ರೆ ನಾಲಿಗೆ ತೊಡರುತ್ತೆ, ಅದಕ್ಕೆ ಒಬ್ಬೊಬ್ರು ಒಂದೊಂದು ಥರ ಕರೀತಾರಂತೆ. ಮೊಮ್ಮಗಳಿಗೆ "ಅಂಗಡಿ" ಹೇಳಿ ಮುಂದಿನ ಅ, ಹಿಂದಿನ ಗಡಿ ಎರಡೂ ತೆಗಿ ಅಂದೆ, ಎರಡು ದಿನದಲ್ಲಿ ಆ ಶಬ್ದ ಸಲೀಸಾಗಿ ಬಂತು.

ಸ್ಪೇನಿನೋರ ಕಥೆ ನಮ್ಮ ಸೊನ್ನೆಗೆ ಇನ್ನೂ ಹತ್ರ. ಹಿಂದೆ ಅಲ್ಲಿ ಕೈಬರಹದೋರು ಎರಡು ಎನ್ ಬರೆಯೋ ಬದಲು ಒಂದರ ತಲೆ ಮೇಲೆ ಇನ್ನೊಂದನ್ನ ಗೀಟಾಗಿ ಎಳೀತಿದ್ರು, ಅದೇ ಆಮೇಲೆ ಞ ಶಬ್ದಕ್ಕೆ ಸ್ವಂತ ಅಕ್ಷರ (ñ) ಆಯ್ತು. 1991ರಲ್ಲಿ ಆ ಅಕ್ಷರ ಇಲ್ದಿರೋ ಕೀಬೋರ್ಡನ್ನೂ ಸ್ಪೇನಲ್ಲಿ ಮಾರೋಕೆ ಬಿಡಿ ಅಂತ ಆಗಿನ ಯುರೋಪಿಯನ್ ಸಮುದಾಯದಿಂದ (ಈಗಿನ ಒಕ್ಕೂಟದ ಹಿಂದಿನ ರೂಪ) ಮಾತು ಬಂದಾಗ ದೊಡ್ಡ ಗಲಾಟೆನೇ ಆಯ್ತು, 1993ರಲ್ಲಿ ಅಲ್ಲಿನ ಸರ್ಕಾರ ಅಕ್ಷರ ಉಳಿಸೋಕೆ ಕಾನೂನೇ ತಂತು. ನಾವಿಲ್ಲಿ ಕೈಯಲ್ಲಿರೋದನ್ನ ಎತ್ತಿಬಿಡಿ ಅಂತಿದೀವಿ.

ಎಲ್ಲ ಭಾಷೆಗೂ ಮೂಗು ಬೇಕೇ ಬೇಕು ಅಂತಾನೂ ಇಲ್ಲ ನೋಡಿ, ಇದು ನನಗೇ ಆಶ್ಚರ್ಯ. ಮೊಮ್ಮಗಳಿರೋ ಸಿಯಾಟಲ್ ಸುತ್ತಮುತ್ತಲಿನ ಮೂಲ ಜನರ ಲಶೂಟ್ಸೀಡ್ ಅನ್ನೋ ಭಾಷೆಯ ದಿನದ ಮಾತಲ್ಲಿ ಮ ನ ಎರಡೂ ಇಲ್ಲ, ಹಿಂದೊಮ್ಮೆ ಇದ್ದವು ಬ ಡ ಆಗೋದ್ವು. ಅಲ್ಲಿನ ಡುವಾಮಿಶ್ ಜನರ ಹೆಸರಲ್ಲಿ ಇಂಗ್ಲಿಷಿನಲ್ಲಿ ಮ ಇದೆ, ಅವರದೇ ಭಾಷೆಯಲ್ಲಿ ಆ ಜಾಗದಲ್ಲಿ ಬ. ಇದನ್ನ ಹೇಳಿದಾಗ ಮೊಮ್ಮಗಳು "ಅವರಿಗೆಲ್ಲ ನೆಗಡಿನಾ ತಾತ" ಅಂದ್ಳು, ಇಲ್ಲ ಕಣಮ್ಮ ಅಂತ ಅದಕ್ಕೆ ಬೇರೆ ಅರ್ಧ ಗಂಟೆ ಹಿಡೀತು.

ನಿಮ್ಮ ಪೇಪರಿನ ಮಕ್ಕಳ ಪುಟದಲ್ಲಿ ಅಕ್ಷರಮಾಲೆ ಹಾಕ್ತೀರಲ್ಲ, ಮುಂದಿನ ಸಲ ಙ ಬಾಕ್ಸು ಖಾಲಿ ಬಿಡ್ಬೇಡಿ ಸರ್. ಒಂದು ಅಂಗಡಿ ಚಿತ್ರ ಹಾಕಿ, ಞ ಗೆ ಮಂಚ ಸಾಕು. ಕೆಳಗೆ ಸಣ್ಣದಾಗಿ "ಮೂಗು ಹಿಡಿದು ಹೇಳಿ ನೋಡಿ" ಅಂತ ಪ್ರಿಂಟ್ ಮಾಡಿಸಿ.

ಇತಿ,
ಒಬ್ಬ ನಿವೃತ್ತ ಪ್ರೈಮರಿ ಮೇಷ್ಟ್ರು, ತಿಪಟೂರು